ಬೋಲ್ಟಿನ ಮೇಲಿನ ಕೆಂಪು ಗೆರೆ

ಗೆರೆ ಕೆಂಪಗಿತ್ತು.

ಡಿಟೆಕ್ಟಿವ್ ನಡೀನ್ ಕ್ರೂಗರ್ ನೋಯುವ ಸೊಂಟಕ್ಕೆ ಒಂದು ಕೈ ಆನಿಸಿ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು, ಉಕ್ಕು ಕಡಿಯುವ ಮಿಲ್ಲಿಂಗ್ ಯಂತ್ರದ ತಲೆಯ ಹಿಂದಕ್ಕೆ ಇಣುಕಿದಳು. ಮೋಟಾರನ್ನು ಹಿಡಿದಿದ್ದ ನಾಲ್ಕೂ ಬೋಲ್ಟುಗಳ ತಲೆಯಿಂದ ಕೆಳಗಿನ ತಟ್ಟೆಯವರೆಗೆ ಸಣ್ಣದೊಂದು ಬಣ್ಣದ ಗೆರೆ ಎಳೆದಿತ್ತು. ಬಿಗಿದ ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗಿ ಕಾಣುತ್ತದೆ. ನದಿಯಾಚೆಯ ಕಾಗದದ ಕಾರ್ಖಾನೆಯಲ್ಲಿ ರಿಪೇರಿ ಕೆಲಸ ಮಾಡಿದವರ ಅಭ್ಯಾಸ ಅದು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ.

ಮೆರ್ಲ್ ಟೋಸ್ಟ್ರುಡ್‌ನ ಬಣ್ಣ ಹಳದಿ. ಸಾಕ್ಷಿ ಬೇಕಿದ್ದರೆ ಅವನ ಗ್ಯಾರೇಜಿನಲ್ಲಿ ಎಲ್ಲಿ ಬೇಕಾದರೂ ಕಣ್ಣಾಡಿಸಬಹುದಿತ್ತು. ಹಿಮ ತಳ್ಳುವ ಯಂತ್ರಕ್ಕೆ ಹಳದಿ, ಮೇಜಿನ ಕಾಲಿಗೆ ಹಳದಿ, ಗೋಡೆಯ ಮೇಲೆ ಜಿಂಕೆಯ ಕೊಂಬು ಕೂರಿಸಿದ ಹಲಗೆಗೂ ಹಳದಿ. ಅವನನ್ನು ಕೊಂದ ಮೋಟಾರಿಗೆ ಮಾತ್ರ ಕೆಂಪು.

ಕಳೆದ ವಾರ ಮೆರ್ಲ್ ಇದೇ ಯಂತ್ರದ ಮುಂದೆ ಸತ್ತು ಬಿದ್ದಿದ್ದ. ಹೊಸದಾಗಿ ಕೂರಿಸಿದ ಮೋಟಾರಿನ ಉಕ್ಕಿನ ಚಕ್ರ ಕಳಚಿ ಬಂದು ಹಣೆಗೆ ಬಡಿದಿತ್ತು.

ಚಕ್ರ ಕಳಚಿದ್ದು ಹೇಗೆ ಎನ್ನುವುದರಲ್ಲಿ ಗುಟ್ಟೇನೂ ಇರಲಿಲ್ಲ. ಅದು ಟ್ರೆಡ್‌ಮಿಲ್ಲಿನಿಂದ ಕಿತ್ತ ಮೋಟಾರು. ಅದರ ದಂಡಕ್ಕೆ ಮೂರು ಕಿಲೋ ತೂಕದ ಚಕ್ರವನ್ನು ಡಬ್ಬಿಗೆ ಮುಚ್ಚಳ ತಿರುಗಿಸಿದ ಹಾಗೆ ತಿರುಪಿನಿಂದ ಕೂರಿಸಿರುತ್ತಾರೆ. ಮೋಟಾರು ಸರಿಯಾದ ದಿಕ್ಕಿನಲ್ಲಿ ಓಡಿದರೆ ಚಕ್ರ ಇನ್ನಷ್ಟು ಬಿಗಿಯಾಗುತ್ತದೆ. ಎರಡು ವೈರು ಅದಲು ಬದಲಾಗಿ ಉಲ್ಟಾ ಓಡಿದರೆ ತಾನೇ ಬಿಚ್ಚಿಕೊಂಡು ಹಾರುತ್ತದೆ. ವೈರು ಅದಲು ಬದಲಾಗಿತ್ತು. ಮುದುಕ ಎಡವಟ್ಟು ಮಾಡಿಕೊಂಡ ಎಂದು ಅವಳ ಮೇಲಧಿಕಾರಿ ಶೆರಿಫ್ ತೀರ್ಮಾನಿಸಿ, ಸಂಜೆಯೊಳಗೆ ಫೈಲು ಮುಚ್ಚು ಎಂದು ನಡೀನ್‌ಗೆ ಬೆಳಿಗ್ಗೆಯಿಂದ ಎರಡು ಸಲ ಫೋನು ಮಾಡಿದ್ದ.

ಮುಚ್ಚಬಹುದಿತ್ತು. ನಡೀನ್‌ಗೆ ನೆಗಡಿ, ಸೊಂಟನೋವು, ಮನೆಗೆ ಹೋಗಿ ಹೀಟರಿನ ಮುಂದೆ ಕಾಲು ಚಾಚಬೇಕೆಂಬ ಆಸೆ. ಎರಡೇ ಎರಡು ಸಂಗತಿ ಅವಳನ್ನು ಬಿಡಲಿಲ್ಲ. ಮೊದಲು ಬಂದ ಪೊಲೀಸಿನವನು ನೋಡಿದಾಗ ಮೋಟಾರಿನ ಪ್ಲಗ್ಗು ಕಿತ್ತಿತ್ತು. ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಬಾಗಿಲ ಬಳಿಯ ಮೊಳೆಗೆ ಸಿಕ್ಕಿಸಿತ್ತು. ಸತ್ತವನು ಎದ್ದು ಹೋಗಿ ವೈರು ಸುತ್ತಿಡುವುದಿಲ್ಲ.

ಎರಡನೆಯದು ಆರ್ಡಿಸ್.

ಮೆರ್ಲ್‌ನ ಹೆಂಡತಿ ಆರ್ಡಿಸ್ ಟೋಸ್ಟ್ರುಡ್ ಆಗ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಬಂದಳು. ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ತಿಕ್ಕಿಕೊಂಡಳು. ಗಂಡ ಹೋದಾಗಿನಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ನೆರೆಯವರು ತಂದಿಟ್ಟ ತಿಂಡಿಯ ಟ್ರೇಗಳು ಹಾಳೆ ಮುಚ್ಚಿಕೊಂಡು ಹಾಗೆಯೇ ಕೂತಿದ್ದವು.

“ಇನ್ನೂ ಅದನ್ನೇ ನೋಡ್ತಿದ್ದೀಯಾ? ನೋಡಿ ಏನ್ ಮಾಡ್ತೀಯ ಮಗಳೇ. ನನ್ನ ಮೋಟಾರು ನನ್ನ ಗಂಡನ್ನ ತಿಂದ್ಹಾಕ್ತು, ಅಷ್ಟೆ.” ಆರ್ಡಿಸ್ ನಡೀನ್‌ಳ ತಾಯಿಯ ಗೆಳತಿ. ಪೊಲೀಸು ಗಿಲೀಸು ಎಂದೆಲ್ಲ ಅವಳು ಲೆಕ್ಕಕ್ಕಿಟ್ಟಿರಲಿಲ್ಲ.

“ನಿಮ್ಮ ಮೋಟಾರು ಅಂತ ಯಾಕಂತೀರ?”

“ನನ್ನ ಟ್ರೆಡ್‌ಮಿಲ್ಲಿಂದಲ್ವಾ ಅದು? ನೆಲಮಾಳಿಗೇಲಿ ಒದ್ದೆ ಬಟ್ಟೆ ಹರವೋಕೆ ಇಟ್ಕೊಂಡಿದ್ದೆ. ನಾನೇ ಹೇಳ್ದೆ, ಇದರದ್ದು ಕಿತ್ಕೋ, ಇನ್ನು ಆ ರಾಗ ಸಾಕು ಅಂತ.”

“ಯಾವ ರಾಗ?”

“ಮೋಟಾರಿನ ರಾಗ. ಕೈಯಲ್ಲಿ ತಿರುಗಿಸ್ತಿದ್ದ ಈ ಯಂತ್ರಾನ ಕಂಪ್ಯೂಟರಿಂದ ನಡೆಸ್ಬೇಕು ಅಂತ ಹೊರಟ ನೋಡು. ಮಿಕ್ಕಿದ್ದೆಲ್ಲ ಆಯ್ತು. ಉಕ್ಕು ಕಡಿಯೋ ಹಲ್ಲು ತಿರುಗಿಸೋಕೆ ಯಾವ ಮೋಟಾರು ಅನ್ನೋದೊಂದು ಇಡೀ ಚಳಿಗಾಲ ಮುಗೀಲಿಲ್ಲ. ಒಂದಿನ ಥ್ರೀ ಫೇಸ್ ಅಂತಾನೆ. ಸದ್ದಿಲ್ಲ, ನಿಧಾನಕ್ಕೆ ತಿರುಗಿದ್ರೂ ಬಲ ಹೋಗಲ್ಲ ಅಂತಾನೆ. ಮಾರನೇ ದಿನ, ಅದರ ವೇಗ ಹಿಡಿಯೋಕೆ ಬೇರೆ ಡ್ರೈವ್ ಪೆಟ್ಟಿಗೆ ಬೇಕು, ಯಂತ್ರದ ತಲೆ ಪೂರ್ತಿ ಬಿಚ್ಚಬೇಕು, ಬೇಡ ಅಂತಾನೆ. ಟ್ರೆಡ್‌ಮಿಲ್ ಮೋಟಾರು ಅಂದ್ರೆ, ಜೋರಾಗಿ ಓಡಿಸಿದ್ರೆ ಸಿಂಹ, ನಿಧಾನಕ್ಕೆ ಓಡಿಸಿದ್ರೆ ಕುರಿ, ಉಕ್ಕು ಕಡಿಯೋಕೆ ಆಗಲ್ಲ ಅಂತಾನೆ. ನನ್ನ ಮದುವೆ ಆಗೋಕೂ ಅವನು ಇಷ್ಟು ಯೋಚನೆ ಮಾಡಿರ್ಲಿಲ್ಲ.”

ನಡೀನ್‌ಗೆ ನಗು ಬಂತು. ಆರ್ಡಿಸ್‌ಗೂ ಬಂದಂತಾಗಿ, ಅರ್ಧದಲ್ಲೇ ನಿಂತುಹೋಯಿತು.

“ಹಂಗಾಗಿ ನಾನು ಬೈದೆ. ನಾನು ಬೈದಿದ್ದಕ್ಕೆ ಕಿತ್ಕೊಂಡ. ಈಗ ನಿದ್ದೆ ಬರಲ್ಲ ಮಗಳೇ. ಕಣ್ಣು ಮುಚ್ಚಿದ್ರೆ ಆ ಚಕ್ರ ತಿರುಗುತ್ತೆ.”

ಇದನ್ನು ಕೇಳಲಾರದೆಯೇ ನಡೀನ್ ಫೈಲಿಗೆ ಸಹಿ ಹಾಕಿರಲಿಲ್ಲ. ಆಕಸ್ಮಿಕ ಎಂದು ಬರೆದು ಮುಚ್ಚಿದರೆ ಆ ಮುದುಕಿ ತಾನೇ ಕೊಂದೆ ಎಂದುಕೊಂಡು ಉಳಿದ ಆಯಸ್ಸನ್ನು ಕಳೆಯುತ್ತಾಳೆ. ಮೆರ್ಲ್ ಸತ್ತ ಮಧ್ಯಾಹ್ನ ಅವಳು ಮನೆಯಲ್ಲಿ ಕೂಡ ಇರಲಿಲ್ಲ; ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಅರ್ಧ ಹೆಂಗಸರ ನಡುವೆ ಕೂತು ಕೌದಿ ಹೊಲಿಯುತ್ತಿದ್ದಳು.

“ಇಲ್ಲಿ ಬನ್ನಿ,” ಎಂದು ನಡೀನ್ ಟಾರ್ಚಿನ ಬೆಳಕು ಬಿಟ್ಟು ತೋರಿಸಿದಳು. “ಈ ಗೆರೆ ನೋಡಿ. ಮೆರ್ಲ್‌ದಾದ್ರೆ ಹಳದಿ ಇರ್ಬೇಕಿತ್ತು. ಈ ಬೋಲ್ಟು ಬಿಗಿದಿದ್ದು ಬೇರೆ ಯಾರೋ. ವೈರು ಹಾಕಿದ್ದೂ ಅವರೇ ಇರ್ಬೇಕು. ಕೆಂಪು ಯಾರದು?”

ಆರ್ಡಿಸ್ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಕಾರ್ಖಾನೇಲಿ ಬೇಕಾದಷ್ಟು ಜನ, ಬೇಕಾದಷ್ಟು ಬಣ್ಣ,” ಎಂದಳು. “ಲೈಲ್‌ನ ಕೇಳು.”

“ಕೇಳ್ತೀನಿ. ನೀವು ಮಾತ್ರ ಒಂದು ತುತ್ತು ತಿಂದು ಮಲಗಿ. ಇದು ನಿಮ್ಮಿಂದ ಆಗಿದ್ದಲ್ಲ. ನಾನು ಹೇಳ್ತಿದ್ದೀನಲ್ಲ.”

ಆರ್ಡಿಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಬೆನ್ನು ಸವರಿ ಹೊರಬಂದ ನಡೀನ್‌ಗೆ ಈ ವಾರದಲ್ಲಿ ಮೊದಲ ಸಲ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತು.

ಲೈಲ್ ವೆಸೆಲಿಯ ಮನೆ ನದಿಯ ದಂಡೆಯಲ್ಲಿತ್ತು. ಮಂಜುಗಡ್ಡೆ ಒಡೆಯಲು ಶುರುವಾಗಿ ನದಿ ಗೊರಕೆ ಹೊಡೆಯುತ್ತಿತ್ತು. ಕಾರ್ಖಾನೆಯಲ್ಲಿ ಮೆರ್ಲ್‌ನ ಜೊತೆ ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದವನು ಲೈಲ್; ನಿವೃತ್ತಿಯಾದ ಮೇಲೂ ಶನಿವಾರ ಶನಿವಾರ ಇಬ್ಬರೂ ಒಬ್ಬರ ಗ್ಯಾರೇಜಿನಲ್ಲಿ ಒಬ್ಬರು ಕೂತು ಯಂತ್ರಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ಈ ಜನರ ಮನೆಗೆ ಹೋದರೆ ಕೋಟು ಬಿಚ್ಚುವ ಮೊದಲೇ ಗ್ಯಾರೇಜಿಗೆ ಎಳೆದುಕೊಂಡು ಹೋಗುತ್ತಾರೆ. ಲೈಲ್ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿದ.

ಮಾಂಸ ಬಿಡುವ ಶುಕ್ರವಾರವಾದ್ದರಿಂದ ಮೀನು ಕರಿಯುತ್ತಿದ್ದ. ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

“ಡಿಟೆಕ್ಟಿವ್ ಮೇಡಮ್ಮೋರು ಮೀನು ತಿಂತಾರೋ, ಇಲ್ಲ ನನ್ನನ್ನೇ ತಿನ್ನೋಕೆ ಬಂದ್ರೋ?”

“ನಿಮ್ಮನ್ನ ತಿಂದು ಅರಗಿಸ್ಕೊಳ್ಳೋ ಶಕ್ತಿ ಇಲ್ಲ ಇವತ್ತು. ಒಂದೆರಡು ಮಾತು ಕೇಳಿ ಹೋಗ್ತೀನಿ. ಮೆರ್ಲ್ ಗ್ಯಾರೇಜಿಗೆ ಕಡೇ ಸಲ ಹೋಗಿದ್ದು ಯಾವಾಗ?”

“ಕ್ರಿಸ್‌ಮಸ್ಸಿಗೆ ಮುಂಚೆ. ಆಮೇಲೆ ಆ ಹೊಸಲು ತುಳಿದಿಲ್ಲ.”

“ಜಗಳ ಆಡಿದ್ರಿ.”

“ಆಡಿದ್ವಿ. ಥ್ರೀ ಫೇಸ್ ಹಾಕು ಅಂದೆ. ಯೋಚನೆ ಮಾಡ್ತೀನಿ ಅಂದ. ತಿಂಗಳುಗಟ್ಲೆ ಯೋಚನೆ ಮಾಡ್ತಾನೇ ಇದ್ದ. ಹೋಗಯ್ಯ, ನಿನ್ನ ಯಂತ್ರಕ್ಕೆ ಮೋಟಾರು ಬೇಡ, ಎರಡು ಕತ್ತೆ ಕಟ್ಟು ಅಂದೆ. ಅಷ್ಟಕ್ಕೇ ಸಿಟ್ಟು.” ಲೈಲ್ ಒಲೆ ಆರಿಸಿದ. “ಕಡೆಗೆ ಯಾವುದು ಹಾಕಿದ ಅಂತ ಗೊತ್ತಾಗಿದ್ದೂ ಅವನು ಹೋದ ಮೇಲೇ.”

“ಮೊದಲ್ನೇ ಸಲ ಮೋಟಾರು ಓಡಿಸೋವಾಗ ನೀವೆಲ್ಲ ಏನ್ ಮಾಡ್ತೀರ?”

ಅವನು ತಿರುಗಿ ನೋಡಿದ. “ಇಬ್ಬರು ಇರ್ತೀವಿ. ಒಬ್ಬ ಯಂತ್ರದ ಹತ್ರ, ಒಬ್ಬ ಬಾಗಿಲ ಹತ್ರ ಪ್ಲಗ್ಗು ಹಿಡ್ಕೊಂಡು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಳೆದುಬಿಡೋಕೆ. ಕಾರ್ಖಾನೆ ಕಾಲದಿಂದ ಅದೇ ಪದ್ಧತಿ.”

“ಮೆರ್ಲ್ ಒಬ್ಬನೇ ಓಡಿಸ್ತಿದ್ನಾ?”

“ಸತ್ರೂ ಇಲ್ಲ.” ಹೇಳಿದ ಮೇಲೆ ಲೈಲ್‌ಗೆ ತನ್ನ ಮಾತೇ ಚುಚ್ಚಿತು. ಕುರ್ಚಿಯ ಮೇಲೆ ಕುಕ್ಕರಿಸಿದ.

“ಹಂಗಾದ್ರೆ ಪ್ಲಗ್ಗು ಹಿಡಿದಿದ್ದವರು ಯಾರೋ ಇದ್ರು. ಚಕ್ರ ಹಾರ್ತು. ಅವರು ಪ್ಲಗ್ಗು ಕಿತ್ತು, ವೈರು ಸುತ್ತಿ, ಮೊಳೆಗೆ ಹಾಕಿ, ಒಂದು ಫೋನೂ ಮಾಡದೆ ಹೋದ್ರು. ಅದು ನೀವಾ?”

“ಅಲ್ಲ.”

“ನಿಮ್ಮ ಬಣ್ಣ ಯಾವುದು ಲೈಲ್?”

ಉತ್ತರ ಬೇಕಾಗಿರಲಿಲ್ಲ. ನಡೀನ್ ಅಷ್ಟರಲ್ಲಿ ಮೇಜಿನ ಕೆಳಗೆ ಬಗ್ಗಿ ನೋಡಿದ್ದಳು. ಕಾಲುಗಳ ಬೋಲ್ಟಿಗೆಲ್ಲ ನೀಲಿ ಗೆರೆ ಇತ್ತು. ಅವಳು ಅಂದುಕೊಂಡು ಬಂದ ಲೆಕ್ಕವೆಲ್ಲ ಅಲ್ಲಿಗೆ ತಲೆಕೆಳಗಾಯಿತು. ಆದರೂ ಫೋನು ತೆಗೆದು, ಮೋಟಾರಿನ ಬೋಲ್ಟಿನ ಚಿತ್ರ ಅವನ ಮುಂದೆ ಹಿಡಿದಳು.

ಲೈಲ್ ಕನ್ನಡಕ ಹಾಕಿಕೊಂಡ. ತೆಗೆದ. ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

“ಯಾರ ಬಣ್ಣ ಇದು?”

“ಬಣ್ಣ ಅಂಗಡೀಲಿ ಸಿಗುತ್ತೆ. ಯಾರ್ ಬೇಕಾದ್ರೂ ತಗೋಬಹುದು.”

“ಕಾರ್ಖಾನೇಲಿ ಕೆಂಪು ಯಾರದಿತ್ತು ಅಂತ ಕೇಳ್ದೆ.”

“ಎಷ್ಟೋ ವರ್ಷದ ಮಾತು. ನೆನಪಿಲ್ಲ.”

“ನಿಮ್ಮ ಪಾಳೀಲಿ ಪ್ರತಿಯೊಬ್ಬರ ಮನೆ ನಾಯಿ ಹೆಸರೂ ನಿಮಗೆ ನೆನಪಿದೆ. ನೋಡಿ, ನನಗೆ ಜ್ವರ ಬರೋ ಹಾಗಿದೆ, ನಿಮಗೆ ಮೀನು ಆರ್ತಿದೆ. ಇಲ್ಲಿ ಹೇಳಿ, ಇಲ್ಲಾಂದ್ರೆ ಶೆರಿಫ್ ಆಫೀಸಲ್ಲಿ ಬೆಳಿಗ್ಗೆ ತನಕ ಕೂತು ಹೇಳಿ. ನನಗೆ ಎರಡೂ ಒಂದೇ.”

ಲೈಲ್ ಕಿಟಕಿಯಾಚೆ ನದಿಯನ್ನು ನೋಡುತ್ತ ಕೂತ. ಅವನ ಕಣ್ಣು ಒದ್ದೆಯಾದದ್ದು ನಡೀನ್‌ಗೆ ಕಾಣಿಸಿತು. ಅದು ಎಣ್ಣೆಯ ಹೊಗೆಗೋ ಬೇರೆ ಯಾವುದಕ್ಕೋ ತಿಳಿಯಲಿಲ್ಲ.

“ಆರ್ಡಿಸ್‌ದು,” ಎಂದ.

“ಏನು?”

“ಕೆಂಪು ಆರ್ಡಿಸ್‌ದು. ಅವಳೂ ನಮ್ಮ ಪಾಳೀಲೇ ಇದ್ಲು, ರಿಪೇರಿಗೆ. ನೀವು ದೊಡ್ಡೋರಾಗೋ ಹೊತ್ತಿಗೆ ಬಿಟ್ಟಿದ್ಲು, ಮಣಿಕಟ್ಟು ಹೋಯ್ತು ಅಂತ. ನಮ್ಮೆಲ್ಲರಿಗಿಂತ ಚೆನ್ನಾಗಿ ಕೆಲಸ ಗೊತ್ತಿತ್ತು ಅವಳಿಗೆ. ಮೆರ್ಲ್ ಕೈ ಬಂಡೆ ಹಾಗಿತ್ತು, ಒಪ್ತೀನಿ. ಆದ್ರೆ ತಲೆ ಅವಳದು.”

ನಡೀನ್ ಫೋನನ್ನು ಜೇಬಿಗೆ ಹಾಕಿಕೊಂಡಳು. ತಾನು ಆ ಹೆಂಗಸನ್ನು ಕೆಂಪು ಗೆರೆಯ ಮುಂದೆ ನಿಲ್ಲಿಸಿ, ಇದು ಯಾರದು ಎಂದು ಕೇಳಿ, ನಿಮ್ಮ ತಪ್ಪಲ್ಲ ಎಂದು ಬೆನ್ನು ಸವರಿ ಬಂದದ್ದು ನೆನಪಾಗಿ ಮೈಯೆಲ್ಲ ಬಿಸಿಯಾಯಿತು.

“ಇನ್ನೊಂದು ಮಾತು,” ಎಂದ ಲೈಲ್. “ಕಾರ್ಖಾನೆ ಪಂಪುಗಳಲ್ಲೂ ಹಿಂಗೇ, ಒಳಗಿನ ಚಕ್ರ ತಿರುಪಿನ ಮೇಲೆ ಕೂತಿರುತ್ತೆ. ಒಂದ್ಸಲ ಯಾರೋ ವೈರು ಅದಲು ಬದಲು ಮಾಡಿ, ಚಕ್ರ ಬಿಚ್ಕೊಂಡು ಪಂಪೇ ಒಡೆದುಹೋಯ್ತು. ಉಲ್ಟಾ ಓಡಿಸಿದ್ರೆ ಹಿಂಗಾಗುತ್ತೆ ಕಣ್ರೋ ಅಂತ ನನಗೂ ಮೆರ್ಲ್‌ಗೂ ಕೂರಿಸಿ ಪಾಠ ಹೇಳಿದ್ದೇ ಆರ್ಡಿಸ್.”

ವಾಪಸು ಬರುವಾಗ ನಡೀನ್ ಕಾರಿನ ಹೀಟರು ಹಾಕಲು ಮರೆತಳು. ಶೆರಿಫ್‌ನ ಫೋನು ಬಂತು, ಎತ್ತಲಿಲ್ಲ.

ಆರ್ಡಿಸ್ ಅಡುಗೆಮನೆಯಲ್ಲಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ನೆರೆಯವರ ತಿಂಡಿಯ ಒಂದು ತುಂಡು, ಅರ್ಧ ತಿಂದದ್ದು.

“ತಿಂದೆ ನೋಡು,” ಎಂದಳು. “ನೀನು ಹೇಳ್ದೆ ಅಂತ. ಒಂದು ಗಳಿಗೆ ನಿದ್ದೇನೂ ಬಂತು.” ನಡೀನ್‌ಳ ಮುಖ ನೋಡಿ ತಟ್ಟೆ ಪಕ್ಕಕ್ಕೆ ಸರಿಸಿದಳು. “ಲೈಲ್ ಹೇಳಿದ್ನಾ?”

“ಹೇಳಿದ್ರು. ನೀವೇ ಯಾಕೆ ಹೇಳಲಿಲ್ಲ ಆರ್ಡಿಸಮ್ಮ?”

“ಮೆರ್ಲ್‌ಗೆ ಮಾತು ಕೊಟ್ಟಿದ್ದೆ.”

“ಏನಂತ?”

ಆರ್ಡಿಸ್ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ, ಬೆರಳುಗಳನ್ನು ಗಡಗಡ ಆಡಿಸಿ ತೋರಿಸಿದಳು. “ಹೋದ ವರ್ಷದಿಂದ ಅವನ ಕೈ ಹಿಂಗೆ. ಕಾಫಿ ಲೋಟ ಎತ್ತೋಕಾಗ್ತಿರ್ಲಿಲ್ಲ. ಬೋಲ್ಟು ಎಲ್ಲಿಂದ ಹಾಕ್ತಾನೆ? ಗೆಳೆಯರಿಗೆ ಗೊತ್ತಾಗಬಾರ್ದು ಅಂತ ಅವನ ಹಟ. ಆ ಯಂತ್ರದ ಕೆಲಸ ಎಲ್ಲ ನನ್ನದೇ. ನನ್ನ ಕೈ ನೋಯುತ್ತೆ ಅಂತಾನೇ ಅವನು ಯಾವ ಮೋಟಾರು ಅಂತ ಆರಿಸಲಾರದೆ ಒದ್ದಾಡಿದ್ದು. ಬೇಕಾಗಿದ್ದಿದ್ದು ಥ್ರೀ ಫೇಸು. ಆದ್ರೆ ಅದಕ್ಕೆ ವಾರಗಟ್ಲೆ ಕೆಲಸ. ಟ್ರೆಡ್‌ಮಿಲ್ ಮೋಟಾರಿಗೆ ನಾಲ್ಕೇ ಬೋಲ್ಟು. ನಾಲ್ಕು ಬೋಲ್ಟು ನಾನು ಹಾಕಬಲ್ಲೆ ಅಂದೆ.”

“ಗೆರೆ?”

“ಬೇರೆ ಎಲ್ಲ ಕಡೆ ಅವನ ಹಳದೀನೇ ಹಾಕ್ತಿದ್ದೆ. ಅವತ್ತು ಸುಸ್ತಾಗಿತ್ತು, ಕೈ ತಾನಾಗಿ ಕೆಂಪು ಎತ್ಕೊಂಡುಬಿಡ್ತು.”

ನಡೀನ್ ಎದುರಿನ ಕುರ್ಚಿಯಲ್ಲಿ ಕೂತಳು. ಕೇಳಬೇಕಾದ್ದನ್ನು ಕೇಳಲು ಅವಳಿಗೆ ಸ್ವಲ್ಪವೂ ಮನಸ್ಸಿರಲಿಲ್ಲ.

“ವೈರು ಅದಲು ಬದಲು ಮಾಡಿದ್ದೂ ನೀವೇನಾ?”

“ನನ್ನನ್ನ ಕೇಳೋ ಮಾತಾ ಅದು?” ಆರ್ಡಿಸ್‌ಳ ದನಿಯಲ್ಲಿ ಹಳೆಯ ಗತ್ತು ಒಂದು ಕ್ಷಣ ಬಂದುಹೋಯಿತು. “ಸರಿಯಾಗಿ ಹಾಕಿದ್ದೆ. ನಾನು ಚರ್ಚಿಂದ ಬರೋ ತನಕ ಓಡಿಸಬೇಡ ಅಂದಿದ್ದೆ. ಸಾಲದು ಅಂತ ಚಕ್ರಕ್ಕೂ ದಂಡಕ್ಕೂ ಸೇರಿಸಿ ತೂತು ಕೊರೆದು ಉಕ್ಕಿನ ಪಿನ್ನು ಬಡಿದಿದ್ದೆ. ಪಿನ್ನು ಇದ್ರೆ ಉಲ್ಟಾ ಓಡಿದ್ರೂ ಚಕ್ರ ಬಿಚ್ಚಲ್ಲ. ಬಿಚ್ತಲ್ಲ. ಅಂದ್ರೆ ನಾನು ಕೊರೆದಿದ್ದು ಸರಿ ಇರ್ಲಿಲ್ಲ, ಪಿನ್ನು ಮುರಿದುಹೋಯ್ತು. ಈ ಕೈಯಿಂದ ಆದದ್ದು ಮಗಳೇ. ಟ್ರೆಡ್‌ಮಿಲ್ ಮೋಟಾರು ತಿಂದ್ಹಾಕ್ತು ಅಂತ ಸುಮ್ನೆ ಹೇಳ್ತಿದ್ದೆ.”

ಚಕ್ರವನ್ನು ಆ ದಿನವೇ ಪೊಲೀಸರು ಕೊಂಡೊಯ್ದಿದ್ದರು. ಆರ್ಡಿಸ್ ಅದನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ನಡೀನ್ ನೋಡಿದ್ದಳು, ಚಿತ್ರವನ್ನೂ ತೆಗೆದಿದ್ದಳು. ಅದರ ಬದಿಯಲ್ಲೊಂದು ತೂತಿದ್ದದ್ದಕ್ಕೆ ಏನೂ ಅರ್ಥ ಹಚ್ಚಿರಲಿಲ್ಲ. ಈಗ ಫೋನು ತೆಗೆದು, ಆ ಚಿತ್ರವನ್ನು ದೊಡ್ಡದು ಮಾಡಿ ಮೇಜಿನ ಮೇಲಿಟ್ಟಳು. ಆಮೇಲೆ ದಂಡದ ಚಿತ್ರ.

“ಮುರಿದಿದ್ರೆ ತುಂಡು ಎಲ್ಲಿರ್ಬೇಕಿತ್ತು?”

ಆರ್ಡಿಸ್ ಬಗ್ಗಿದಳು. ಚಕ್ರದ ತೂತು ನುಣುಪಾಗಿ, ಖಾಲಿಯಾಗಿತ್ತು. ದಂಡದ ತೂತೂ ಖಾಲಿ.

“ಒಳಗೇ,” ಎಂದಳು ನಿಧಾನವಾಗಿ. “ಒಳಗೇ ಸಿಕ್ಕಿರ್ಬೇಕಿತ್ತು.” ಅವಳ ಬೆರಳು ಪರದೆಯ ಮೇಲೆ ಆ ತೂತಿನ ಅಂಚನ್ನು ಸವರಿತು. “ಇದು ಮುರಿದಿಲ್ಲ. ಹಿಂದಿಂದ ಬಡಿದು ತೆಗೆದಿದ್ದಾರೆ.”

“ಮೆರ್ಲ್ ತೆಗೆದಿರಬಹುದಾ?”

“ಆ ಕೈಯಲ್ಲಾ?”

“ಹಂಗಾದ್ರೆ ನಿಮ್ಮ ಕೈಯಿಂದ ಏನೂ ಆಗಿಲ್ಲ.” ಈ ಸಲ ನಡೀನ್ ಬೆನ್ನು ಸವರಲು ಹೋಗಲಿಲ್ಲ. “ಪಿನ್ನು ಇದೆ ಅಂತ ಯಾರಿಗೆ ಗೊತ್ತಿತ್ತು?”

ಆರ್ಡಿಸ್ ಎದ್ದು, ಅರ್ಧ ತಿಂದ ತಟ್ಟೆಯನ್ನು ಸಿಂಕಿಗೆ ಇಟ್ಟು, ನಲ್ಲಿ ಬಿಟ್ಟು, ನೀರು ಹರಿಯುವುದನ್ನು ನೋಡುತ್ತ ನಿಂತಳು.

“ಯಾರಿಗೆ ಆರ್ಡಿಸಮ್ಮ?”

“ಅಷ್ಟು ಗಟ್ಟಿ ಪಿನ್ನು ನಮ್ಮ ಹತ್ರ ಇರ್ಲಿಲ್ಲ. ಮೆರ್ಲ್‌ಗೆ ಬೇಕಂತೆ ಅಂತ ಸುಳ್ಳು ಹೇಳಿ, ಅವನು ಹೋಗೋ ಹಿಂದಿನ ದಿನ ಒಬ್ಬನ ಕೈಲಿ ತರಿಸ್ಕೊಂಡೆ. ಮೆರ್ಲ್ ಒಳಗೆ ಮಲಗಿದ್ದ. ತಂದವನು, ನೀನೀಗ ಕೂತಿದ್ದೀಯಲ್ಲ, ಅಲ್ಲೇ ಕೂತು ಎರಡು ಲೋಟ ಕಾಫಿ ಕುಡಿದ. ಪಿನ್ನು ಯಾತಕ್ಕೆ ಅಂತ ನೋಡೋಕೆ ಗ್ಯಾರೇಜಿಗೂ ಒಂದು ಸಲ ಹೋಗಿ ಬಂದ.”

“ಯಾರು?”

“ಲೈಲ್.”

ಕ್ರಿಸ್‌ಮಸ್ಸಿನಿಂದ ಈಚೆಗೆ ಹೊಸಲು ತುಳಿದಿಲ್ಲ ಎಂದಿದ್ದ ಲೈಲ್. ಯಾವ ಮೋಟಾರು ಎಂದೇ ಗೊತ್ತಿರಲಿಲ್ಲ ಎಂದಿದ್ದ ಲೈಲ್. ನಡೀನ್ ಕೋಟಿನ ಜೇಬಿನಲ್ಲಿ ಕಾರಿನ ಕೀಲಿಗಾಗಿ ತಡಕಾಡುತ್ತ ಎದ್ದಳು.

ಆರ್ಡಿಸ್ ನಲ್ಲಿ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ.

“ಅವನ ಹೆಸರು ಬರ್ಕೋಬೇಡ ನಡೀನ್. ನನ್ನದೇ ಬರ್ಕೋ. ನನ್ನ ಕೈಯಿಂದ ಆಯ್ತು ಅಂತ್ಲೇ ಬರೆದು ಮುಚ್ಚಿಬಿಡು.”

“ಯಾಕೆ?”

“ಆ ಪಿನ್ನನ್ನ ಅವನು ಯಾಕೆ ತೆಗೆದ ಅಂತ ನನಗೆ ಗೊತ್ತು. ನನಗೋಸ್ಕರ.”